ಕಣದಲ್ಲಿ ಕೂರಿಸಿದ ಬ್ರೇಸ್

ನನ್ನ ಹೆಂಡತಿ ನಲವತ್ತೇಳನೆಯ ವಯಸ್ಸಿನಲ್ಲಿ ಕಾರು ಕಲಿತದ್ದು ನನ್ನ ಕಣ್ಣಿನ ದೆಸೆಯಿಂದ. ಮಡಿಕೇರಿಯ ಕಣ್ಣಿನ ಡಾಕ್ಟರು ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ನನ್ನ ಮುಖ ಇಡಿಸಿ, ಚುಕ್ಕಿ ಮಿನುಗಿದ್ದು ಕಂಡಾಗಲೆಲ್ಲ ಗುಂಡಿ ಒತ್ತಿ ಎಂದಿದ್ದರು. ನಾನು ಕಂಡದ್ದಕ್ಕೆಲ್ಲ ಒತ್ತಿ, ಪರೀಕ್ಷೆ ಪಾಸಾದವನ ಗತ್ತಿನಲ್ಲಿ ಹೊರಗೆ ಬಂದು ಕೂತೆ. ಆಮೇಲೆ ಅವರು ತೋರಿಸಿದ ಕಾಗದದಲ್ಲಿ ಎರಡೂ ಪಕ್ಕ ಕಪ್ಪಾಗಿತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನೋಟ ಅಂಚಿನಿಂದ ಕಡಿಮೆಯಾಗುತ್ತಾ ಬರುತ್ತಿದೆ, ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ದಿನಾ ಎರಡು ಹೊತ್ತು ಡ್ರಾಪ್ಸ್, ಎರಡು ತಿಂಗಳಿಗೊಮ್ಮೆ ತಪಾಸಣೆ, ಇನ್ನು ಮೇಲೆ ಗಾಡಿ ಓಡಿಸಬೇಡಿ ಎಂದರು. ಎದುರಿಗಿರುವುದು ನನಗೆ ಇವತ್ತಿಗೂ ಚೆನ್ನಾಗಿಯೇ ಕಾಣುತ್ತದೆ. ಪಕ್ಕದಲ್ಲಿರುವವರು ಕಾಣಬೇಕಾದರೆ ಕತ್ತು ತಿರುಗಿಸಬೇಕು.

ನಾನು ಶ್ರೀಮಂಗಲದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಕೆಲಸಕ್ಕೆ ಬಂದವರ ಹಾಜರಿ, ಕೊಯ್ದ ಹಣ್ಣಿನ ಪಿಕಿಂಗ್ ತೂಕ, ಸ್ಟೋರಿನ ಬೀಗ, ಹೀಗೆ ಎಲ್ಲದಕ್ಕೂ ಒಂದು ಪುಸ್ತಕ ಇಟ್ಟುಕೊಂಡು ಓಡಾಡುವವನು. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆ ನಿಂತವರು, ನಾನು ಅಲ್ಲಿಂದ ಇನ್ನೂ ಕೆಳಗೆ ಇಳಿದು ಇಲ್ಲಿಗೆ ಬಂದೆ. ಎಸ್ಟೇಟಿನ ಗೇಟಿನ ಮುಂದೆ ಬಸ್ಸು ನಿಲ್ಲುವುದೇನೋ ನಿಜ, ಆದರೆ ಅದು ಬರುವ ಹೊತ್ತಿಗೂ ನಮಗೆ ಬೇಕಾದ ಹೊತ್ತಿಗೂ ಎಂದೂ ತಾಳೆಯಾದದ್ದಿಲ್ಲ. ಹಾಗಾಗಿ ಇಪ್ಪತ್ತು ವರ್ಷ ದಾಟಿದ ನಮ್ಮ ಬಿಳಿ ಕಾರೇ ನಮ್ಮ ಕಾಲು. ಅದನ್ನು ಓಡಿಸಲು ಇದ್ದವನು ನಾನೊಬ್ಬ. ಡಾಕ್ಟರ ಮಾತು ಕೇಳಿ ಬಂದ ದಿನ ನಾನು ಊಟ ಬಿಟ್ಟು ಮುಖ ಊದಿಸಿಕೊಂಡು ಕೂತಿದ್ದಾಗ, ಅವಳು ತಟ್ಟೆ ತಂದು ಮುಂದಿಟ್ಟು, "ನಾನು ಕಲೀತೀನಿ ಬಿಡಿ" ಎಂದಳು.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಎಸ್ಟೇಟಿನ ಕೆಲಸದವರು ಇರುವ ಲೈನ್‌ಮನೆಗಳ ಹೆಂಗಸರ, ಸುತ್ತಮುತ್ತಲ ಊರಿನವರ ರವಿಕೆಗಳೆಲ್ಲ ಅವಳ ಕೈಯಲ್ಲೇ ಆಗಬೇಕು. ಮಿಷನ್ ತುಳಿಯುತ್ತಾ ಬಾಗಿಲಲ್ಲಿ ನಿಂತವರ ಜೊತೆ ಮುಖ ಕೊಟ್ಟು ಮಾತಾಡುತ್ತಿರುತ್ತಾಳೆ, ಹೊಲಿಗೆ ಮಾತ್ರ ಅತ್ತಿತ್ತ ಆಗುವುದಿಲ್ಲ. ಗೋಣಿಕೊಪ್ಪಲಿನ ಡ್ರೈವಿಂಗ್ ಸ್ಕೂಲಿನಲ್ಲಿ ಒಂದು ತಿಂಗಳು ಕಲಿತು, ಲೈಸೆನ್ಸ್ ತಗೊಂಡು, ಆರು ತಿಂಗಳಾಗುವಷ್ಟರಲ್ಲಿ ವಿರಾಜಪೇಟೆಗೆ ಒಬ್ಬಳೇ ಹೋಗಿ ನೂಲು, ಲೈನಿಂಗ್ ಬಟ್ಟೆ ತಂದಳು. ಹೊರಟಾಗ ನಾನು ಗೇಟಿನ ತನಕ ಕಾರಿನ ಹಿಂದೆ ನಡೆದೆ. ವಾಪಸ್ ಬಂದಾಗ ಅವಳ ಮುಖದಲ್ಲಿದ್ದ ಖುಷಿ ನೋಡಿ ನನಗೆ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಎರಡೂ ಆಯಿತು, ಒಂದನ್ನೇ ಬರೆದರೆ ಸುಳ್ಳಾಗುತ್ತದೆ.

ಅವಳು ಓಡಿಸುವಾಗ ಪಕ್ಕದ ಸೀಟಿನಲ್ಲಿ ನಾನು ಸುಮ್ಮನೆ ಕೂತವನಲ್ಲ. ಗೇರ್ ಬದಲಾಯಿಸು, ಹಾರ್ನ್ ಹೊಡಿ, ಅಷ್ಟು ಎಡಕ್ಕೆ ಬೇಡ, ಈಗ ಬ್ರೇಕು, ಎಂದು ಶ್ರೀಮಂಗಲದಿಂದ ವಿರಾಜಪೇಟೆಯವರೆಗೂ ನನ್ನ ಬಾಯಿಗೆ ಬಿಡುವಿರಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದು. ಎಸ್ಟೇಟಿನಲ್ಲಿ ಎಲ್ಲರಿಗೂ ಗೊತ್ತು, ಅವಳಿಗೆ ಎಲ್ಲರಿಗಿಂತ ಮೊದಲೇ ಗೊತ್ತು. ಅವಳು "ಹ್ಞೂಂ" ಎನ್ನುತ್ತಾ ತನಗೆ ತೋಚಿದ ಹಾಗೆ ಓಡಿಸುತ್ತಿದ್ದಳು.

ಬ್ರೇಸಿನ ವಿಚಾರ ಬಂದದ್ದು ನನ್ನ ಈ ಚಡಪಡಿಕೆಯಿಂದಲೇ. ಕಾರು ಹಳೆಯದು, ತಿರುವಿನಲ್ಲಿ ಅದರ ಮೈ ಸ್ವಲ್ಪ ಹೊಯ್ದಾಡುತ್ತಿತ್ತು. ಅವಳಿಗೇನೂ ಅದು ತೊಂದರೆಯಾಗಿರಲಿಲ್ಲ, ಕೇಳಿಯೂ ಇರಲಿಲ್ಲ. ಆದರೆ ನಾನು ಓಡಿಸಲಾಗದ ಕಾರಿನಲ್ಲಿ ನನ್ನದೂ ಒಂದು ಕೈ ಇರಬೇಕು ಅನ್ನಿಸುತ್ತಿತ್ತು. ನಮ್ಮ ಪಕ್ಕದ ತೋಟದವರು, ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಯುವ ಕಾರ್ ರೇಸುಗಳಿಗೆ ಒಂದು ಕಾಲದಲ್ಲಿ ತಪ್ಪದೆ ಹೋಗುತ್ತಿದ್ದವರು. ಈ ಕಡೆಯವರಿಗೆ ಅದೊಂದು ಹುಚ್ಚು. ಅವರು ಗದ್ದೆಯಲ್ಲಿ ಓಡಿಸಿ ಓಡಿಸಿ ಮುಗಿಸಿದ ಕಾರು ನಮ್ಮದರ ಜಾತಿಯದೇ. ಅದರ ಮೈ ಗುಜರಿಗೆ ಹೋದರೂ, ಅಡಿಯಲ್ಲಿ ಹಾಕಿಸಿದ್ದ ಬ್ರೇಸ್ ಮಾತ್ರ ಅವರ ಶೆಡ್ಡಿನಲ್ಲಿ ಉಳಿದಿತ್ತು. ಕೆಂಪು ಬಣ್ಣದ ಉಕ್ಕಿನ ಪೈಪು, ಎರಡೂ ತುದಿ ಚಪ್ಪಟೆ, ಒಂದೊಂದರಲ್ಲಿ ಒಂದೊಂದು ತೂತು. ಮುಂದಿನ ಎರಡು ಚಕ್ರಗಳನ್ನು ಹಿಡಿದುಕೊಂಡಿರುವ ತೋಳುಗಳು ಕಾರಿನ ಅಡಿಗೆ ಬಂದು ಸೇರುವಲ್ಲಿ, ಆ ಬದಿಯಿಂದ ಈ ಬದಿಗೆ ಅಡ್ಡಲಾಗಿ ಇದನ್ನು ಬೋಲ್ಟು ಹಾಕಿ ಬಿಗಿಯಬೇಕು. ಆಗ ಹಳೆಯ ಮೈ ಅಲುಗಾಡುವುದಿಲ್ಲ.

"ತಗೊಂಡು ಹೋಗಿ ರೈಟ್ರೇ, ನಂಗೆ ಎಂತಕ್ಕೆ ಅದು ಇನ್ನು. ತಿರುವಿನಲ್ಲಿ ಗಾಡಿ ನೆಲಕ್ಕೆ ಅಂಟಿ ಕೂರ್ತದೆ ನೋಡಿ" ಎಂದು ಕೊಟ್ಟರು ಅವರು.

ನಾನು ವಿರಾಜಪೇಟೆಯ ನಮ್ಮ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಕಣ್ಣೂರು ಕಡೆಯಿಂದ ಬಂದು ಅಲ್ಲೇ ನೆಲೆ ನಿಂತ ಮನುಷ್ಯ, ನನಗಿಂತ ಹಿರಿಯ, ನಮ್ಮ ಕಾರಿನ ಒಂದೊಂದು ಕೀಲೂ ಬಲ್ಲವರು. ಅವರು ಎಲ್ಲ ಕೇಳಿ ಹೇಳಿದರು, "ಹಾಕುವ ಸಾರ್, ಒಳ್ಳೇದೇ. ಆದ್ರೆ ಹಳೇ ಬಾಡಿ. ಸುಮ್ನೆ ಎತ್ತಿ ಟೈಟ್ ಮಾಡಿದ್ರೆ ಆಗುದಿಲ್ಲ. ನಾಲ್ಕು ಚಕ್ರ ಸಮ ನೆಲದಲ್ಲಿ ನಿಂತು, ಗಾಡಿದು ಭಾರ ಪೂರಾ ಬಿದ್ದ ಮೇಲೆಯೇ ಲಾಸ್ಟ್ ಟೈಟ್ ಕೊಡ್ಬೇಕು. ಇಲ್ಲಿಗೆ ಕಳಿಸಿ. ನಿಮ್ಮ ಆ ಕಣ್ಣು ಇಟ್ಕೊಂಡು ನೀವು ಅಡಿಗೆ ಹೋಗ್ಬೇಡಿ."

ಕೊನೆಯ ಮಾತೊಂದನ್ನು ಅವರು ಆಡದೇ ಇದ್ದಿದ್ದರೆ ಕಳಿಸುತ್ತಿದ್ದೆನೋ ಏನೋ. ನನ್ನ ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷ ಪಂಪ್‌ಸೆಟ್ಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಜೀಪು ಎಲ್ಲ ಬಿಚ್ಚಿ ಜೋಡಿಸಿದ ಕೈ ಇದು, ಎರಡು ಬೋಲ್ಟಿಗೆ ನಿಮ್ಮ ಹತ್ತಿರ ಬರಬೇಕಾ ಎಂದು ಮನಸ್ಸಿನಲ್ಲೇ ಅಂದುಕೊಂಡು ಫೋನ್ ಇಟ್ಟೆ. ಸಮ ನೆಲ ತಾನೇ ಬೇಕು, ನಮ್ಮಲ್ಲಿ ಕಣ ಇಲ್ಲವೇ.

ಇದನ್ನು ಇಲ್ಲಿಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೊಡಗಿನ ಎಸ್ಟೇಟಿನಲ್ಲಿ ಹತ್ತು ಹೆಜ್ಜೆ ಸಮವಾದ ನೆಲ ಸಿಗುವುದು ಕಷ್ಟ. ಮನೆಯಿಂದ ಸ್ಟೋರಿಗೆ ಹೋಗಲು ಇಳಿಯಬೇಕು, ಸ್ಟೋರಿನಿಂದ ಲೈನಿಗೆ ಹತ್ತಬೇಕು. ಕಾಫಿ ಒಣಗಿಸಲು ಹಾಕಿದ ಸಿಮೆಂಟಿನ ಕಣವೊಂದೇ ಎಲ್ಲರ ಕಣ್ಣಿಗೆ ಸಮ ಜಾಗ. ಬಡಗಿ ಬಾಗಿಲ ಚೌಕಟ್ಟು ಜೋಡಿಸುವುದು ಅಲ್ಲಿ, ಶೀಟು ಬಿಡಿಸಿ ಅಳತೆ ಹಿಡಿಯುವುದು ಅಲ್ಲಿ, ಲೈನಿನ ಮದುವೆಗೆ ಎಲೆ ಹಾಕುವುದು ಅಲ್ಲಿ, ಪಿಕಿಂಗ್ ಇಲ್ಲದ ದಿನ ಶಟ್ಲ್ ಆಡುವುದೂ ಅಲ್ಲಿ. ಯಾವ ಕೆಲಸಕ್ಕೆ ಸಮ ನೆಲ ಬೇಕೆಂದರೂ ಬರುವ ಉತ್ತರ ಒಂದೇ, ಕಣಕ್ಕೆ ಹೋಗಿ ಮಾಡಿ. ನಾನೇ ಎಷ್ಟು ಜನಕ್ಕೆ ಹಾಗೆ ಹೇಳಿದ್ದೇನೋ ಲೆಕ್ಕವಿಲ್ಲ.

ರೊಬಸ್ಟಾ ಪಿಕಿಂಗ್ ಶುರುವಾಗಲು ಇನ್ನೂ ಎರಡು ವಾರವಿತ್ತು. ಕಣ ತೊಳೆದು ಖಾಲಿಯಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅವಳಿಂದಲೇ ಕಾರನ್ನು ಅಲ್ಲಿಗೆ ತರಿಸಿ, ಮುಂದಿನ ಭಾಗಕ್ಕೆ ಜಾಕಿ ಕೊಟ್ಟು, ಎರಡೂ ಬದಿಯ ಅಡಿಗೆ ಮರದ ದಿಮ್ಮಿ ಇಟ್ಟು, ಗೋಣಿ ಹಾಸಿಕೊಂಡು ಬೆನ್ನ ಮೇಲೆ ಒಳಗೆ ಸರಿದೆ. ಬಲಗಡೆಯ ಬೋಲ್ಟು ಬಿಚ್ಚಿ ಬ್ರೇಸಿನ ತುದಿ ಕೂರಿಸಿದೆ, ಚೆನ್ನಾಗಿ ಕೂತಿತು. ಎಡಗಡೆಯ ತೂತು ಮಾತ್ರ ಬೋಲ್ಟಿಗೆ ಸೇರದೆ ಅರ್ಧ ಬೆರಳಿನಷ್ಟು ಆಚೆ ನಿಂತಿತು. ಎಷ್ಟು ಅಲುಗಾಡಿಸಿದರೂ ಆಗಲಿಲ್ಲ.

ಅವಳು ಕಾಫಿ ತಂದು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಸ್ಪ್ಯಾನರಿನ ಹಿಡಿಗೆ ಸಿಕ್ಕಿಸುವ ಸಾಕೆಟ್ ಎಂಬ ಗುಂಡನೆಯ ತಲೆಯನ್ನು ನಾನು ಪಕ್ಕದಲ್ಲಿ ಇಟ್ಟಿದ್ದೆ, ಕೈ ಚಾಚಿದರೆ ಅದು ಅಲ್ಲಿರಲಿಲ್ಲ. "ಇಲ್ಲಿದೆ ತಗೊಳ್ಳಿ" ಎಂದು ಅವಳು ಕೊಟ್ಟಳು. ಇನ್ನೊಮ್ಮೆ ಇಟ್ಟೆ, ಇನ್ನೊಮ್ಮೆ ಹೋಯಿತು, ಇನ್ನೊಮ್ಮೆ ತಂದುಕೊಟ್ಟಳು. ಮೂರನೇ ಸಲ, "ರೀ, ಇದು ಉರುಳ್ಕೊಂಡು ಚರಂಡಿ ಹತ್ರಕ್ಕೇ ಹೋಗ್ತಿದೆ" ಎಂದಳು.

"ನಿನ್ನ ಕಾಲು ತಾಗಿರುತ್ತೆ. ಆ ಕಡೆ ಹೋಗಿ ಕೂತ್ಕೊ" ಎಂದೆ ನಾನು.

ಅವಳು ಎದ್ದು ಹೋಗಿ ಕಣದ ಕಟ್ಟೆಯ ಮೇಲೆ ಕೂತಳು. ನಾನು ತೋಟದ ಹಾರೆ ತಂದು, ತೂತಿನ ಸಂದಿಗೆ ಕೊಟ್ಟು, ಕಾಲಲ್ಲಿ ಒದ್ದು ಮೀಟಿ, ಬೋಲ್ಟನ್ನು ಸುತ್ತಿಗೆಯಲ್ಲಿ ಒಳಗೆ ಹೊಡೆದೆ. ಹೋಯಿತು. ಚಕ್ರಗಳು ಇನ್ನೂ ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ ಉಸಿರು ಬಿಗಿಹಿಡಿದು ಎರಡನ್ನೂ ಬಿಗಿದೆ. ಭಾರ ಬಿದ್ದ ಮೇಲೆ ಬಿಗಿಯಬೇಕು ಎಂದದ್ದು ನೆನಪಿರಲಿಲ್ಲ ಎಂದಲ್ಲ. ಅವರು ಹೇಳಿದ್ದು ಎಂಬ ಒಂದೇ ಕಾರಣಕ್ಕೆ ನನಗೆ ಬೇಕಿರಲಿಲ್ಲ.

ಆ ದಿನವೇ ಇಬ್ಬರೂ ಶ್ರೀಮಂಗಲದವರೆಗೆ ಹೋಗಿ ಬಂದೆವು. ತಿರುವುಗಳಲ್ಲಿ ಕಾರು ಹೊಯ್ದಾಡದೆ ಗಟ್ಟಿಯಾಗಿ ಕೂತಿತ್ತು. ನಾನು ಬೀಗಿದೆ, ಪಕ್ಕದ ತೋಟದವರಿಗೆ ಫೋನ್ ಮಾಡಿ ಹೇಳಿದೆ, ಮೆಕ್ಯಾನಿಕ್ಕಿಗೂ ಬೇಕಂತಲೇ ಮಾಡಿ ಹೇಳಿದೆ. ಮನೆಗೆ ಬಂದು ಕಾರು ನಿಲ್ಲಿಸುವಾಗ ಅವಳು, "ಬ್ರೇಕ್ ಹಿಡಿದ್ರೆ ಎಡಕ್ಕೆ ಎಳೆಯುತ್ತಲ್ಲ" ಎಂದಳು.

"ಎಳೆಯಲ್ಲ. ನೀನು ಸ್ಟೇರಿಂಗ್ ಗಟ್ಟಿ ಹಿಡಿಯಲ್ಲ ಅಷ್ಟೆ."

ಆದರೂ ಅನುಮಾನ ಬೇಡವೆಂದು ಮಾರನೆಯ ದಿನ ಎಸ್ಟೇಟಿನ ಒಳಗಿನ ದಾರಿಯಲ್ಲಿ ನಾನೇ ಕೂತು ಓಡಿಸಿ ನೋಡಿದೆ. ಫಸ್ಟ್ ಗೇರಿನಲ್ಲಿ, ನಡೆಯುವವರ ವೇಗದಲ್ಲಿ. ಏನೂ ಗೊತ್ತಾಗಲಿಲ್ಲ. ಆ ವೇಗದಲ್ಲಿ ಎತ್ತಿನ ಗಾಡಿಯ ದೋಷವೂ ಗೊತ್ತಾಗುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಒಳಗೆ ಬಂದು, "ಕಾರಿಗೇನೂ ಆಗಿಲ್ಲ, ನಿನ್ನ ಕೈದೇ ತಪ್ಪು" ಎಂದು ತೀರ್ಪು ಕೊಟ್ಟೆ.

ಪಿಕಿಂಗ್ ಶುರುವಾಯಿತು. ನನಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಆದರೂ ಅವಳಲ್ಲಿ ಆದ ಬದಲಾವಣೆ ನನಗೆ ಕಂಡಿತ್ತು, ಕಂಡದ್ದಕ್ಕೆ ನಾನು ಬೇರೆ ಅರ್ಥ ಹಚ್ಚಿದೆ. ಮೊದಲು ಸೀಟಿಗೆ ಒರಗಿ ಓಡಿಸುತ್ತಿದ್ದವಳು ಈಗ ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಾವಿ ಹಗ್ಗದ ಹಾಗೆ ಹಿಡಿಯುತ್ತಿದ್ದಳು. ಬಲ ಭುಜ ನೋಯುತ್ತದೆಂದು ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ವಿರಾಜಪೇಟೆಗೆ ಹೋಗುವುದನ್ನು ಮುಂದೆ ಹಾಕುತ್ತಿದ್ದಳು, ನೂಲು ಇನ್ನೂ ಇದೆ, ಮುಂದಿನ ವಾರ ನೋಡೋಣ ಎನ್ನುತ್ತಿದ್ದಳು. ಭಯ ಈಗ ಶುರುವಾಗಿದೆ, ವಯಸ್ಸಾದ ಮೇಲೆ ಕಲಿತರೆ ಹೀಗೇ ಎಂದುಕೊಂಡೆ. ಎಳೆಯುತ್ತದೆ ಎಂದು ಅವಳು ಇನ್ನೂ ಎರಡು ಸಲ ಹೇಳಿರಬೇಕು. ಆಮೇಲೆ ಹೇಳುವುದನ್ನು ಬಿಟ್ಟಳು.

ಫೆಬ್ರವರಿಯಲ್ಲಿ ನನ್ನ ತಪಾಸಣೆಯ ದಿನ ಬಂತು. ಬೆಳಿಗ್ಗೆ ಬೇಗ ಹೊರಟೆವು. ವಿರಾಜಪೇಟೆ ಇನ್ನೂ ಮುಂದಿತ್ತು, ಒಂದು ಇಳಿಜಾರಿನ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ನಾನು ಅಭ್ಯಾಸದಂತೆ "ಬ್ರೇಕು" ಎಂದೆ. ಅವಳು ಹಿಡಿದಳು. ಕಾರು ಸೀದಾ ಎಡಕ್ಕೆ ಹೋಗಿ, ಎರಡು ಚಕ್ರ ರಸ್ತೆಯ ಚರಂಡಿಗೆ ಇಳಿಸಿಕೊಂಡು ವಾಲಿ ನಿಂತಿತು. ನಮಗಿಬ್ಬರಿಗೂ ಏನೂ ಆಗಲಿಲ್ಲ. ಬಸ್ಸೂ ನಿಂತಿತು, ಕಿಟಕಿಗಳಲ್ಲಿ ಮುಖಗಳು ಬಂದವು, ಅವುಗಳಲ್ಲಿ ಅವಳು ಹೊಲಿದ ರವಿಕೆ ತೊಟ್ಟವರೂ ಇದ್ದರು.

ಆಗ ನಾನು ಆಡಿದ ಮಾತುಗಳನ್ನು ಪೂರ್ತಿ ಬರೆಯಲಾರೆ. ಇಳಿದು ನಿಂತು, ಅಷ್ಟು ಜನರ ಎದುರಿಗೆ, ಸೂಜಿ ಹಿಡಿಯುವ ಕೈ ಸ್ಟೇರಿಂಗ್ ಹಿಡಿದರೆ ಹೀಗೇ ಆಗುವುದು, ನಿನಗೆ ನೇರ ಯಾವುದು ಸೊಟ್ಟ ಯಾವುದು ಎಂಬುದೇ ಗೊತ್ತಿಲ್ಲ ಎಂದದ್ದು ನೆನಪಿದೆ. ಅವಳು ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ವಾಲಿದ ಕಾರಿನಿಂದ ಕಷ್ಟಪಟ್ಟು ಮೇಲೆ ಬಂದು, ಸೀರೆ ಸರಿಮಾಡಿಕೊಂಡು, ಬ್ಯಾಗು ತಗೊಂಡು ಹೋಗಿ ಆ ಬಸ್ಸು ಹತ್ತಿದಳು. ಅದು ನಮ್ಮ ಊರಿನ ಕಡೆಗೇ ಹೋಗುವ ಬಸ್ಸು. ಕಂಡಕ್ಟರ್ ನನ್ನ ಮುಖ ಒಮ್ಮೆ ನೋಡಿ, ಸೀಟಿ ಊದಿದ.

ತೋಟಕ್ಕೆ ಕೆಲಸದವರನ್ನು ಕರೆದೊಯ್ಯುತ್ತಿದ್ದ ಜೀಪೊಂದು ನಿಂತು, ಅದರಲ್ಲಿದ್ದವರೆಲ್ಲ ಸೇರಿ ಕಾರನ್ನು ಎತ್ತಿ ರಸ್ತೆಗಿಟ್ಟರು. ನಾನು ಮಡಿಕೇರಿಗೆ ಹೋಗಲಿಲ್ಲ. ಓಡಿಸಬಾರದೆಂದು ಗೊತ್ತಿದ್ದೂ, ಪಕ್ಕದಲ್ಲಿ ಯಾರು ಬಂದರೂ ಕಾಣದ ಕಣ್ಣಿಟ್ಟುಕೊಂಡು ನಾನೇ ಮನೆಗೆ ಓಡಿಸಿಕೊಂಡು ಬಂದೆ. ದಾರಿಯಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಕಾರು ಎಡಕ್ಕೆ ಎಳೆಯಿತು. ನನಗೂ ಅದು ಸ್ಪಷ್ಟವಾಗಿ ಗೊತ್ತಾಯಿತು. ಚರಂಡಿಗೆ ಬೀಳಿಸಿದಳಲ್ಲ, ಅದಕ್ಕೇ ಹೀಗಾಗಿದೆ ಎಂದು ಅದನ್ನೂ ಅವಳ ತಲೆಗೇ ಕಟ್ಟಿದೆ.

ಕಾರಿನ ಕೀಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಅದು ಅಲ್ಲೇ ಉಳಿಯಿತು. ಅವಳು ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ, ಊಟಕ್ಕೆ ಕರೆದಳು, ಹೊತ್ತಿಗೆ ಸರಿಯಾಗಿ ಕಣ್ಣಿಗೆ ಡ್ರಾಪ್ಸ್ ಹಾಕಿದಳು. ನೂಲು ಬೇಕಾದರೆ ಬಸ್ಸಿಗೆ ಕಾದು ಹೋಗಿ ಬರುತ್ತಿದ್ದಳು. ಒಂದೆರಡು ಸಲ "ಕಾರು ತಗೊಂಡು ಹೋಗು" ಎಂದೆ. "ಬೇಡ, ನನಗೆ ಬರಲ್ಲ ಅದು" ಎಂದಳು. ಬರುವುದಿಲ್ಲ ಎಂದು ಅವಳ ಬಾಯಲ್ಲಿ ಕೇಳಿ ನನಗೆ ಒಳಗೊಳಗೇ ಸಂಕಟವಾಯಿತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬ್ರಹ್ಮಗಿರಿಯ ಕಡೆಯಿಂದ ಮೋಡ ಕವಿದು ಬಂತು. ಕಾಫಿ ಹೂ ಬಿಡಿಸುವ ಹೂಮಳೆಗೆ ತೋಟ ಕಾಯುತ್ತಿತ್ತೇನೋ ಸರಿ, ಆದರೆ ಕಣದ ತುಂಬ ಕೊನೆಯ ಕಾಫಿ ಹರಡಿತ್ತು. ಎಲ್ಲರೂ ಓಡಿ, ಕಾಫಿಯನ್ನು ಮಧ್ಯಕ್ಕೆ ಎಳೆದು ರಾಶಿ ಮಾಡಿ, ಟಾರ್ಪಾಲ್ ಮುಚ್ಚಿ ಕಲ್ಲು ಇಡುವಷ್ಟರಲ್ಲಿ ಮಳೆ ಹುಯ್ದೇ ಬಿಟ್ಟಿತು. ನಾನು ಸ್ಟೋರಿನ ಜಗಲಿಯಲ್ಲಿ ಒದ್ದೆಯಾಗಿ ನಿಂತು ಕಣ ನೋಡುತ್ತಿದ್ದೆ. ನೀರು ಎಲ್ಲೂ ನಿಲ್ಲಲಿಲ್ಲ. ಮೇಲಿನ ಮೂಲೆಯಿಂದ ಓರೆಯಾಗಿ ಹರಿದು, ಕೆಳಗಿನ ಎಡ ಮೂಲೆಗೆ ಸೇರಿ, ಅಲ್ಲಿಂದ ಚರಂಡಿಗೆ ಬೀಳುತ್ತಿತ್ತು. ಆ ಮೂಲೆಯ ಹತ್ತಿರ ಸಿಮೆಂಟಿನ ಮೇಲೆ ಒಂದು ಎಣ್ಣೆಯ ಕಲೆ ಇತ್ತು. ಡಿಸೆಂಬರಿನಲ್ಲಿ ನಮ್ಮ ಕಾರು ನಿಂತಿದ್ದ ಗುರುತು. ನೀರೆಲ್ಲ ಆ ಕಲೆಯನ್ನು ದಾಟಿಕೊಂಡೇ ಹೋಗುತ್ತಿತ್ತು.

ಆ ಕಣ ಹಾಕಿಸಿದವನು ನಾನೇ. ನೀರು ಹೋಗಲು ಕೊಡುವ ಇಳಿಜಾರಿಗೆ ನಮ್ಮ ಗಾರೆಯವರು ವಾಟ ಎನ್ನುತ್ತಾರೆ. ಮೇಸ್ತ್ರಿ ಹಾಕಿದ ಮೊದಲ ವಾಟ ಸಾಲದೆಂದು, ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡಿ, ಎಡ ಮೂಲೆಗೆ ಇನ್ನೂ ನಾಲ್ಕು ಬೆರಳು ಇಳಿಸು, ಮಳೆ ಬಂದರೆ ಒಂದು ಹನಿ ನಿಲ್ಲಬಾರದು ಎಂದು ಬೈದು ಮಾಡಿಸಿದವನು ನಾನು. ಬಂದವರಿಗೆಲ್ಲ ಆ ವಾಟವನ್ನು ಹೆಮ್ಮೆಯಿಂದ ತೋರಿಸಿದ್ದೆ. ಅಷ್ಟೆಲ್ಲ ಮಾಡಿ, ಅದೇ ಮೂಲೆಯಲ್ಲಿ ಕಾರಿನ ಮುಂದಿನ ಎಡ ಬದಿ ಇಳಿಯುವಂತೆ ನಿಲ್ಲಿಸಿ, ದಿಮ್ಮಿ ಕೊಟ್ಟು, ಇದು ಸಮ ನೆಲ ಎಂದು ನಂಬಿ, ತಿರುಚಿಕೊಂಡ ಹಳೆಯ ಮೈಯನ್ನು ಹಾರೆಯಲ್ಲಿ ಮೀಟಿ ಹಾಗೆಯೇ ಬೋಲ್ಟು ಬಿಗಿದಿದ್ದೆ. ಸಾಕೆಟ್ ಮೂರು ಸಲ ಉರುಳಿ ಚರಂಡಿಯ ಕಡೆ ಹೋಗಿತ್ತು. ಅವಳು ಮೂರು ಸಲವೂ ತಂದುಕೊಟ್ಟಿದ್ದಳು.

ಮಾರನೆಯ ದಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರಿಗೆ ಹೇಳುವುದು ಸುಲಭವಾಗಿತ್ತು. ಅವರು ಬಸ್ಸಿನಲ್ಲಿ ಬಂದು, ಕಾರನ್ನು ತಾವೇ ಓಡಿಸಿಕೊಂಡು ವಿರಾಜಪೇಟೆಗೆ ಹೊರಟರು, ನಾನು ಪಕ್ಕದಲ್ಲಿ ಕೂತೆ. ಗೇಟು ದಾಟಿ ಮೊದಲ ಇಳಿಜಾರಿನಲ್ಲಿ ಬ್ರೇಕ್ ಹಿಡಿದವರು, ಸ್ಟೇರಿಂಗನ್ನು ಬಲಕ್ಕೆ ಜಗ್ಗಿ ಹಿಡಿದು, ಮಲಯಾಳದಲ್ಲಿ ಏನೋ ಗೊಣಗಿದರು. ಆಮೇಲೆ ಕೇಳಿದರು, "ಅಮ್ಮ ಇದನ್ನು ಎಷ್ಟು ದಿನ ಓಡ್ಸಿದ್ದಾರೆ ಸಾರ್?"

"ಎರಡು ತಿಂಗಳು."

"ಎರಡು ತಿಂಗಳು ಇದನ್ನು ರೋಡ್ ಮೇಲೆ ಹಿಡಿದು ಇಟ್ಕೊಂಡಿದ್ದಾರಲ್ಲ. ಒಳ್ಳೆ ಕೈ ಸಾರ್ ಅವ್ರದ್ದು. ನಂಗೇ ಕಷ್ಟ ಆಗ್ತಾ ಉಂಟು."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ವರ್ಕ್‌ಶಾಪಿನ ಸಮ ನೆಲದಲ್ಲಿ ಅವರು ಎಡಗಡೆಯ ಬೋಲ್ಟು ಸಡಿಲಿಸಿದ್ದೇ ತಡ, ಕಾರಿನ ಮೈಯಿಂದ ಠಕ್ಕೆಂದು ಒಂದು ಸದ್ದು ಬಂತು, ಮುಂದಿನ ಭಾಗ ಅಲುಗಿ ತನ್ನ ಜಾಗಕ್ಕೆ ಕೂತಿತು. ತೋಳಿನ ಕೀಲಿನಲ್ಲಿ ಹರಿದುಹೋಗಿದ್ದ ರಬ್ಬರ್ ಬುಶ್ ಬದಲಾಯಿಸಿ, ಅದೇ ಬ್ರೇಸನ್ನು ಮತ್ತೆ ಹಾಕಿದರು. ಈ ಸಲ ಎರಡೂ ಬೋಲ್ಟು ಬೆರಳಲ್ಲೇ ಒಳಗೆ ಹೋದವು, ಭಾರ ಬಿದ್ದ ಮೇಲೆ ಬಿಗಿದರು. "ಬ್ರೇಸ್‌ದು ಎಂತ ತಪ್ಪಿಲ್ಲ" ಎಂದು ಕೈ ಒರೆಸಿಕೊಂಡರು. ಬರುವಾಗ ನೇರ ರಸ್ತೆಯಲ್ಲಿ ಅವರು ಸ್ಟೇರಿಂಗಿನಿಂದ ಕೈ ಬಿಟ್ಟು ಬ್ರೇಕ್ ಹಿಡಿದು ತೋರಿಸಿದರು. ಕಾರು ಗೆರೆ ಎಳೆದ ಹಾಗೆ ನಿಂತಿತು.

ಮನೆಗೆ ಬಂದು ಅವಳಿಗೆ, "ಮೆಕ್ಯಾನಿಕ್ ಸರಿ ಮಾಡ್ಕೊಟ್ರು, ಈಗ ಎಳೆಯಲ್ಲ" ಎಂದಷ್ಟೇ ಹೇಳಿದೆ. ಏನಾಗಿತ್ತು ಎಂದು ಅವಳು ಕೇಳಿದಳು. ಬುಶ್ ಹೋಗಿತ್ತು ಎಂದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಮೆಕ್ಯಾನಿಕ್ಕಿಗೆ ಒಂದೇ ಉಸಿರಿಗೆ ಹೇಳಿದ್ದನ್ನು ಮನೆಯವಳಿಗೆ ಹೇಳಲು ನನಗೆ ನಾಲ್ಕು ದಿನ ಹಿಡಿಯಿತು. ಅಷ್ಟು ದಿನವೂ ಕೀ ಮೊಳೆಯಲ್ಲೇ ಇತ್ತು.

ಐದನೆಯ ದಿನ ಸಂಜೆ ಅವಳು ಹೊಲಿಯುತ್ತಿದ್ದಾಗ ಮಿಷನ್ನಿನ ಎದುರಿಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಕಣದ ವಾಟ, ಹಾರೆ, ಬೋಲ್ಟು, ಮೆಕ್ಯಾನಿಕ್ ಹೇಳಿದ್ದನ್ನು ಹಟಕ್ಕೆ ಕೇಳದೇ ಹೋದದ್ದು, ಎಲ್ಲ ಹೇಳಿದೆ. ತಪ್ಪು ನನ್ನದು, ನಿನ್ನ ಕೈದಲ್ಲ, ಬಸ್ಸಿನವರ ಮುಂದೆ ಹಾಗೆ ಅಂದದ್ದಕ್ಕೆ ನನಗೆ ನಾಚಿಕೆಯಾಗಿದೆ ಎಂದೂ ಹೇಳಿದೆ. ಮದುವೆಯಾದ ಮೇಲೆ ಅಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಆ ಹೊಲಿಗೆ ಮುಗಿಯುವವರೆಗೂ ತುಳಿದು, ನೂಲು ಕತ್ತರಿಸಿ, ಬಟ್ಟೆ ತೆಗೆದಿಟ್ಟಳು.

"ಕಣ ಸಮ ಇಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು" ಎಂದಳು. "ಮೆಣಸು ಒಣಗ್ಸೋವಾಗ ಕಾಳೆಲ್ಲ ಆ ಮೂಲೆಗೇ ಉರುಳುತ್ತಲ್ಲ."

"ಗಟ್ಟಿಯಾಗಿ ಹೇಳ್ಬೇಕಿತ್ತು ನೀನು."

"ಹೇಳಿದ್ನಲ್ಲ. ಕಾಲು ತಾಗಿರುತ್ತೆ ಅಂದ್ರಿ."

ನಾನು ಬಗ್ಗಿ ನೆಲಕ್ಕೆ ಬಿದ್ದಿದ್ದ ನೂಲಿನ ತುಂಡು ಹೆಕ್ಕಿದೆ.

"ಅದಕ್ಕಲ್ಲ ನನಗೆ ಬೇಜಾರು" ಎಂದು ಅವಳು ತನ್ನ ಅಂಗೈ ನೋಡಿಕೊಂಡಳು. "ಕಾರು ಎಡಕ್ಕೆ ಹೋಗ್ತಿದೆ ಅಂತ ನನ್ನ ಕೈಗೆ ಗೊತ್ತಾಗ್ತಿತ್ತು. ನೀವು ಇಲ್ಲ ಅಂದ್ರಿ. ನಾನು ನಿಮ್ಮನ್ನ ನಂಬಿದೆ, ನನ್ನ ಕೈನ ನಂಬ್ಲಿಲ್ಲ. ಆಮೇಲೆ ಹೊಲಿಯೋಕೆ ಕೂತ್ರೂ ಅದೇ ಆಗೋದು. ಇದು ನೇರ ಇದೆಯಾ, ಇಲ್ವಾ ಅಂತ. ಎರಡು ರವಿಕೆ ಕೆಡಿಸಿದೆ ಗೊತ್ತಾ ನಿಮಗೆ? ಇಷ್ಟು ವರ್ಷದಲ್ಲಿ ಒಬ್ಬರದೂ ಕೆಡಿಸಿರಲಿಲ್ಲ."

ನನಗೆ ಗೊತ್ತಿರಲಿಲ್ಲ. ಅದೇ ಮನೆಯಲ್ಲಿ, ಹತ್ತು ಅಡಿ ದೂರದಲ್ಲಿ ಕೂತು ಪಿಕಿಂಗ್ ಪುಸ್ತಕ ಬರೆಯುತ್ತಿದ್ದೆ.

ಮುಂದಿನ ವಾರ ಅವಳು ಮೊಳೆಯಿಂದ ಕೀ ತೆಗೆದುಕೊಂಡಳು. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೋದೆ. "ನೀವು ಬರೋದು ಬೇಡ" ಎಂದು ಸಮಾಧಾನವಾಗಿಯೇ ಹೇಳಿ, ಬಾಗಿಲು ಹಾಕಿಕೊಂಡು ಹೊರಟಳು. ಗೇಟಿನ ತಿರುವಿನಲ್ಲಿ ಕಾರು ಹೊಯ್ದಾಡದೆ ತಿರುಗಿತು. ವಿರಾಜಪೇಟೆಯಿಂದ ಎರಡು ಚೀಲ ತುಂಬ ಸಾಮಾನು ತಂದಳು, ಸೀಟಿಗೆ ಒರಗಿ ಕೂತೇ ಓಡಿಸಿಕೊಂಡು ಬಂದಳು. ಆಮೇಲೆ ಮತ್ತೆ ಹೋದಳು, ಮತ್ತೆ ಬಂದಳು. ಲೈನಿನ ಒಬ್ಬ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಲ್ಲ ಸರಿಹೋಯಿತು ಎಂದು ನಾನು ನಿರಾಳವಾದೆ.

ತಪ್ಪಿಹೋಗಿದ್ದ ತಪಾಸಣೆಗೆ ಬೇರೆ ದಿನ ಸಿಕ್ಕಿತ್ತು. ಆ ದಿನ ಬೆಳಿಗ್ಗೆ ನಾನು ಕಾರಿನ ಗಾಜು ಒರೆಸಿ, ಹಳೆಯ ರಿಪೋರ್ಟಿನ ಕವರನ್ನು ಒಳಗಿಟ್ಟು ಕಾಯುತ್ತಿದ್ದೆ. ಅವಳು ಮನೆಗೆ ಬೀಗ ಹಾಕಿ ಬಂದು, ಆ ಕವರನ್ನು ಸೀಟಿನಿಂದ ಎತ್ತಿ ತನ್ನ ಬ್ಯಾಗಿಗೆ ಹಾಕಿಕೊಂಡು ಗೇಟಿನ ಕಡೆ ನಡೆದಳು.

"ಕಾರು?" ಎಂದೆ.

"ಬಸ್ಸಲ್ಲಿ ಹೋಗೋಣ."

"ಅದು ಈಗ ಸರಿಯಾಗಿದೆಯಲ್ಲ."

"ಕಾರು ಸರಿಯಾಗಿದೆ" ಎಂದಳು. "ನೀವು ಪಕ್ಕದಲ್ಲಿ ಕೂತ್ರೆ ನನ್ನ ಕೈಗೆ ನಿಮ್ಮ ಮಾತೇ ಕೇಳ್ಸುತ್ತೆ. ನೀವು ಸುಮ್ನೆ ಕೂತ್ರೂ ಕೇಳ್ಸುತ್ತೆ."

ನನ್ನನ್ನು ಕರೆದುಕೊಂಡು ಹೋಗಲೆಂದೇ ಕಲಿತವಳು. ಈಗ ಯಾರನ್ನು ಬೇಕಾದರೂ ಕರೆದುಕೊಂಡು ಹೋಗಬಲ್ಲಳು, ನನ್ನೊಬ್ಬನನ್ನು ಬಿಟ್ಟು. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು.

ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಅವಳು ನನ್ನ ಎಡಕ್ಕೆ ಕೂತಳು, ಕತ್ತು ತಿರುಗಿಸದೆ ನನಗೆ ಕಾಣುತ್ತಿರಲಿಲ್ಲ. ಹತ್ತುವಾಗ ಎಡವದಿರಲಿ ಎಂದು ಹಿಡಿದ ನನ್ನ ತೋಳನ್ನು ಬಿಟ್ಟಿರಲಿಲ್ಲ. ಚರಂಡಿಯ ಆ ತಿರುವಿಗೆ ಬಸ್ಸು ಇಳಿಯುವಾಗ ಎದುರಿನಿಂದ ಒಂದು ಲಾರಿ ಬಂತು. ನನ್ನ ತೋಳಿನ ಮೇಲಿದ್ದ ಹಿಡಿತ ಸಡಿಲವಾಯಿತು, ಪಕ್ಕದಲ್ಲಿ ಚಪ್ಪಲಿ ನೆಲಕ್ಕೆ ಒತ್ತಿದ ಸದ್ದು ಕೇಳಿತು. ನಾನು ಕತ್ತನ್ನು ಪೂರ್ತಿ ತಿರುಗಿಸಿ ನೋಡಿದೆ. ಅವಳ ಬಲಗಾಲು ಬಸ್ಸಿನ ನೆಲದ ಮೇಲೆ ಬ್ರೇಕ್ ಹಿಡಿದಿತ್ತು. ಎರಡೂ ಕೈ ಮಡಿಲಲ್ಲಿದ್ದ ಬ್ಯಾಗನ್ನು ಸ್ಟೇರಿಂಗಿನಂತೆ ಹಿಡಿದು, ಸ್ವಲ್ಪ ಬಲಕ್ಕೆ ಜಗ್ಗಿದ್ದವು. ಎಡಕ್ಕೆ ಎಳೆಯದ ಬಸ್ಸಿನಲ್ಲೂ ಅವಳ ಕೈ ನಾನು ಬಿಗಿದ ಆ ತಿರುಚನ್ನು ತಡೆಯುತ್ತಲೇ ಇತ್ತು. ಲಾರಿ ದಾಟಿ ಹೋಯಿತು. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡು, ಮತ್ತೆ ನನ್ನ ತೋಳು ಹಿಡಿದಳು.